ಒಂದು ಪಟ, ಎರಡು ಸೂರ್ಯ

ಈ ಸಭೆಯ ಅಧ್ಯಕ್ಷರೇ, ನನ್ನನ್ನು ಹೊಗಳಿ ಸುಸ್ತಾಗಿ ನೀರು ಕುಡಿಯುತ್ತಿರುವ ಮುಖ್ಯ ಅತಿಥಿಗಳೇ, ಛಾಯಾಗ್ರಾಹಕರ ಸಂಘದ ಪದಾಧಿಕಾರಿಗಳೇ, ಊಟದ ಮನೆಯ ಬಾಗಿಲು ಯಾವಾಗ ತೆರೆಯುತ್ತದೋ ಎಂದು ಆಗಾಗ ಹಿಂದೆ ತಿರುಗಿ ನೋಡುತ್ತಿರುವ ಸಭಿಕರೇ,

ಸನ್ಮಾನ ಮಾಡಿಸಿಕೊಂಡವನು ಎರಡು ಒಳ್ಳೆಯ ಮಾತಾಡಿ ಕೂರಬೇಕು, ಅದು ಪದ್ಧತಿ. ನನಗೂ ಗೊತ್ತು. ಆದರೆ ಕರೆಯುವ ಮೊದಲು ನಾನು ಎಂಥವನು ಎಂದು ನಿಮಗೂ ಗೊತ್ತಿತ್ತಲ್ಲ? ಗೊತ್ತಿದ್ದೂ ಕರೆದಿರಿ, ಮೈಕೂ ಕೊಟ್ಟಿರಿ. ಇನ್ನು ಅನುಭವಿಸಿ.

ಅಧ್ಯಕ್ಷರು ನನ್ನನ್ನು ‘ಬೆಳಕಿನ ಮಾಂತ್ರಿಕ’ ಅಂದರು. ಮಾಂತ್ರಿಕನೂ ಇಲ್ಲ, ಮಣ್ಣೂ ಇಲ್ಲ. ನಾನು ಒಂದು ಫೋಟೋದಲ್ಲಿರುವವರನ್ನು ಕತ್ತರಿಸಿ ಇನ್ನೊಂದು ಫೋಟೋದಲ್ಲಿ ನಿಲ್ಲಿಸುವವನು. ಮೊದಲು ಬ್ಲೇಡು, ಗೋಂದು, ಕುಂಚ, ಆಮೇಲೆ ಕಂಪ್ಯೂಟರು. ಮದುವೆಗೆ ಬರಲಾಗದ ಚಿಕ್ಕಪ್ಪನನ್ನು ಮದುವೆಯ ಗುಂಪಿನಲ್ಲಿ ನಿಲ್ಲಿಸಿದ್ದೇನೆ. ತೀರಿಕೊಂಡ ಅಜ್ಜಿಯ ತೊಡೆಯ ಮೇಲೆ ಅವಳು ನೋಡದೇ ಹೋದ ಮೊಮ್ಮಗುವನ್ನು ಕೂರಿಸಿದ್ದೇನೆ. ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರನ್ನು ಹೆಗಲ ಮೇಲೆ ಕೈ ಹಾಕಿಸಿ ನಗಿಸಿದ್ದೇನೆ. ಅವರಿಬ್ಬರೂ ಇವತ್ತಿಗೂ ಮಾತಾಡುವುದಿಲ್ಲ. ಪಟ ಮಾತ್ರ ಇಬ್ಬರ ಮನೆಯಲ್ಲೂ ಇದೆ.

ನೀವೂ ಇದೇ ಕೆಲಸ ಮಾಡುತ್ತೀರಿ. ಮಾಡುತ್ತೇವೆ ಅಂತ ಬೋರ್ಡಿನ ಮೇಲೆ ಬರೆಸಿಕೊಂಡಿದ್ದೀರಿ. ಇಲ್ಲಿಗೆ ಬರುವ ದಾರಿಯಲ್ಲಿ, ಬಸ್ ನಿಲ್ದಾಣದ ಪಕ್ಕ ಒಂದು ಫ್ಲೆಕ್ಸ್ ನೋಡಿದೆ. ಯಾರೋ ಪುಢಾರಿಯ ಹುಟ್ಟುಹಬ್ಬ. ಒಂದೇ ಫ್ಲೆಕ್ಸಿನಲ್ಲಿ ಮೂವತ್ತು ತಲೆ. ಒಬ್ಬನಿಗೆ ಬೆಳಕು ಎಡಗಡೆಯಿಂದ, ಇನ್ನೊಬ್ಬನಿಗೆ ಬಲಗಡೆಯಿಂದ, ಮತ್ತೊಬ್ಬನಿಗೆ ಗದ್ದದ ಕೆಳಗಿನಿಂದ, ಒಲೆ ಮುಂದೆ ಕೂತವನ ಹಾಗೆ. ನಾನು ಕೇಳುತ್ತೇನೆ, ಆಕಾಶದಲ್ಲಿ ಸೂರ್ಯ ಎಷ್ಟು? ಇನ್ನೂ ಸ್ವಲ್ಪ ಮುಂದೆ ಬಂದರೆ ಒಂದು ಸ್ಟುಡಿಯೋ. ಗಾಜಿನ ಹಿಂದೆ ಹೊಸ ದಂಪತಿ, ಹಿಮದ ಬೆಟ್ಟದ ಮುಂದೆ ನಿಂತಿದ್ದಾರೆ. ಗಂಡಿನ ಕುತ್ತಿಗೆಯಲ್ಲಿ ಬೆವರು. ನೆರಳು? ನೆರಳೇ ಇಲ್ಲ. ನೆರಳಿಲ್ಲದೆ ಓಡಾಡುವವರನ್ನು ಏನಂತಾರೆ ಅಂತ ಮನೆಗೆ ಹೋಗಿ ನಿಮ್ಮ ಅಜ್ಜಿಯನ್ನು ಕೇಳಿ.

ಕೇಳಿದರೆ, “ಸಾರ್, ನಮ್ಮದು ಹಳೇ ಸಾಫ್ಟ್‌ವೇರು, ಅದರಲ್ಲಿ ಇಷ್ಟೇ ಬರೋದು” ಅಂತೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆರಳು ಸಾಫ್ಟ್‌ವೇರಿನಲ್ಲಿ ಇರುವುದಿಲ್ಲ, ನಿಮ್ಮ ಕಾಲ ಬುಡದಲ್ಲಿ ಇರುತ್ತದೆ. ಯಾವತ್ತಾದರೂ ಬಗ್ಗಿ ನೋಡಿದ್ದೀರಾ? ಪಾದ ನೆಲಕ್ಕೆ ತಾಗುವ ಕಡೆ ನೆರಳು ಕಪ್ಪಗೆ, ಗೆರೆ ಎಳೆದ ಹಾಗಿರುತ್ತದೆ. ದೂರ ಹೋದ ಹಾಗೆ ತೆಳುವಾಗುತ್ತದೆ, ಅಂಚು ಕರಗುತ್ತದೆ. ನೀವೇನು ಮಾಡುತ್ತೀರಿ? ಉದ್ದಕ್ಕೂ ಒಂದೇ ಬೂದು ಬಣ್ಣ ಬಳಿಯುತ್ತೀರಿ. ಮನುಷ್ಯ ನಿಂತ ಹಾಗೆ ಕಾಣುವುದಿಲ್ಲ, ಗಾಡಿಯಿಂದ ಎಣ್ಣೆ ಸೋರಿದ ಹಾಗೆ ಕಾಣುತ್ತದೆ. ಕೆಂಪು ಗೋಡೆಯ ಪಕ್ಕ ನಿಂತವನ ಕೆನ್ನೆಗೆ ಒಂದಿಷ್ಟು ಕೆಂಪು ಹತ್ತಲೇಬೇಕು. ಯಾರ ಪಕ್ಕ ಏನಿದೆಯೋ ಅದರ ಬಣ್ಣ ಅವರಿಗೆ ಅಂಟುತ್ತದೆ. ಇದು ವಿದ್ಯೆಯೂ ಅಲ್ಲ, ಕಣ್ಣಿದ್ದರೆ ಸಾಕು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಬೆನ್ನ ಹಿಂದೆ ತೂಗುಹಾಕಿದ್ದೀರಲ್ಲ, ಈ ಪಟ. ಈಗ ತಾನೇ ನನ್ನ ಮಗಳನ್ನೇ ವೇದಿಕೆಗೆ ಕರೆದು ಪರದೆ ಎಳೆಸಿದಿರಿ. ಆಳೆತ್ತರದ ಪಟ, ಸಂಘದ ಉಡುಗೊರೆ. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಆಗ ನಾನು ‘ಥೂ’ ಅಂದದ್ದು ಮೈಕಿಗೂ ಬಿತ್ತಂತೆ. ಬೀಳಲಿ. ನಾನು ಮೊದಲು ನೋಡಿದ್ದು ಕಾಲ ಬುಡವನ್ನು. ಎರಡು ಜೊತೆ ಕಾಲು. ಒಂದರ ನೆರಳು ಬಲಕ್ಕೆ, ಇನ್ನೊಂದರದ್ದು ಎಡಕ್ಕೆ. ಯಾವ ಕತ್ತೆ ಮಾಡಿದ್ದಪ್ಪಾ ಇದು ಅಂದುಕೊಂಡೆ. ಅಂದುಕೊಂಡ ಮೇಲೆ ತಲೆ ಎತ್ತಿದೆ. ಪಟದಲ್ಲಿ ನನ್ನ ಪಕ್ಕ ನಿಂತಿದ್ದವಳು ನನ್ನ ಹೆಂಡತಿ. ಬೇರೆ ಯಾವ ಕಸುಬಿನವನಾಗಿದ್ದರೂ ಮೊದಲು ಹೆಂಡತಿಯ ಮುಖ ನೋಡುತ್ತಿದ್ದ.

ಮಾಡಿದವನು ನಿಮ್ಮ ಕಾರ್ಯದರ್ಶಿ. ನನ್ನ ಹತ್ತಿರವೇ ಕಲಿತವನು. ಈಗ ತಲೆ ನರೆತಿದೆ, ಎರಡು ಸ್ಟುಡಿಯೋ ಆಗಿವೆ. ಅವಸರ ಮಾತ್ರ ಹೋಗಿಲ್ಲ. ಆಗ ಇವನಿಗೆ ನಾವಿಟ್ಟ ಹೆಸರು ಅರ್ಜೆಂಟು. “ಅಮ್ಮ ಬರೋಕಾಗಲ್ಲ ಅಂದ್ರಲ್ಲ ಸಾರ್, ಪಟದಲ್ಲಿ ನಿಮ್ಮ ಪಕ್ಕ ಬರಿದು ಬರಿದಾಗಿ ಕಾಣಬಾರದು ಅಂತ ನಿಮ್ಮ ಮಗಳ ಹತ್ತಿರ ಫೋಟೋ ತರಿಸ್ಕೊಂಡೆ” ಅಂದ. ಹೌದು, ಬರಲಾಗುವುದಿಲ್ಲ ಎಂದು ನಾನೇ ಹೇಳಿದ್ದೆ. ಅವಳಿಗೆ ಮಂಡಿ ನೋವು. ಮಗಳ ಮನೆಯ ಹತ್ತಿರ ಒಳ್ಳೆಯ ಡಾಕ್ಟರಿದ್ದಾರೆ. ಎರಡು ವರ್ಷದಿಂದ ಅಲ್ಲೇ ಇದ್ದಾಳೆ. ಇದು ನಿಮಗೆಲ್ಲ ತಿಳಿದದ್ದೇ.

ಇರಲಿ, ಪಟಕ್ಕೆ ಬರೋಣ. ಕಲಿಯುವ ಮನಸ್ಸಿದ್ದವರು ನೋಡಿಕೊಳ್ಳಿ. ನನ್ನ ಮುಖಕ್ಕೆ ಬೆಳಕು ಎಡಗಡೆಯಿಂದ ಬಿದ್ದಿದೆ. ಅದು ನನ್ನ ಸ್ಟುಡಿಯೋದ ದೀಪ, ನಾನೇ ಅಳೆದು ಇಟ್ಟದ್ದು. ಅವಳ ಮುಖಕ್ಕೆ ಬಲಗಡೆಯಿಂದ, ಬೆಳಗಿನ ಹೊತ್ತಿನ ಹಳದಿ ಬೆಳಕು. ಕಣ್ಣಿನ ಪಾಪೆ ನೋಡಿ, ಅಲ್ಲೊಂದು ಬಿಳಿ ಚೌಕ ಮಿನುಗುತ್ತಿದೆ. ದೊಡ್ಡ ಕಿಟಕಿ, ಪರದೆ ಇಲ್ಲ. ನಮ್ಮ ಮನೆಯಲ್ಲಿ ಅಂಥ ಕಿಟಕಿ ಇಲ್ಲ. ಇರುವ ಕಿಟಕಿಗಳಿಗೆಲ್ಲ, ಅಡುಗೆಮನೆಯದ್ದೂ ಸೇರಿ, ಕಪ್ಪು ಪರದೆ ಹಾಕಿಸಿದ್ದೇನೆ. ಕಂಪ್ಯೂಟರಿನಲ್ಲಿ ಬಣ್ಣ ನೋಡುವಾಗ ಹೊರಗಿನ ಬೆಳಕು ಒಳಗೆ ಬರಬಾರದು. ಹಗಲು ಹೊತ್ತಿನಲ್ಲೂ ದೀಪ ಹಾಕಿಕೊಂಡೇ ಅವಳು ಅಡುಗೆ ಮಾಡುತ್ತಿದ್ದಳು. “ಈ ಮನೇಲಿ ಬೆಳಗಾಗಿದೆಯೋ ಇಲ್ಲವೋ ಅಂತ ಗಡಿಯಾರನ ಕೇಳಬೇಕು” ಅನ್ನುತ್ತಿದ್ದಳು. ಕಸುಬು ಅಂದರೆ ಕಸುಬು. ಅದು ಅವಳಿಗೆ ಅರ್ಥವಾಗಲಿಲ್ಲ.

ಎರಡನೆಯ ತಪ್ಪು ಇನ್ನೂ ನಾಚಿಕೆಗೇಡು. ಕ್ಯಾಮೆರಾದ ಎತ್ತರ. ನನ್ನ ಫೋಟೋ ಕಣ್ಣಿನ ಮಟ್ಟದಿಂದ ತೆಗೆದದ್ದು, ಅವಳದ್ದು ಕೆಳಗಿನಿಂದ. ಗದ್ದದ ಅಡಿಭಾಗ ಕಾಣುತ್ತಿದೆ. ಅಂದರೆ ಫೋಟೋ ತೆಗೆದ ಮಗಳು ಕೆಳಗಿದ್ದಾಳೆ, ಇವಳು ಎತ್ತರದಲ್ಲಿದ್ದಾಳೆ. ಒಂದು ಕೈ ಮೇಲಕ್ಕೆ ಹೋಗಿದೆ, ಆ ಕೈಯನ್ನು ನಮ್ಮ ಅರ್ಜೆಂಟು ನನ್ನ ತಲೆಯ ಹಿಂದೆ ಬಚ್ಚಿಟ್ಟಿದ್ದಾನೆ. ಹಿಮ್ಮಡಿ ಎತ್ತಿದೆ, ಮೈಭಾರವೆಲ್ಲ ತುದಿಗಾಲಿನ ಮೇಲಿದೆ. ಬೆರಳುಗಳ ಅಡಿಯಲ್ಲಿ ನೋಡಿ, ಮರದ ಬಣ್ಣದ ಒಂದು ಎಳೆ ಹಾಗೇ ಉಳಿದಿದೆ. ಸರಿಯಾಗಿ ಕತ್ತರಿಸಿಲ್ಲ. ಅದು ಸ್ಟೂಲು. ಇವಳು ಸ್ಟೂಲು ಹತ್ತಿ, ತುದಿಗಾಲಲ್ಲಿ ನಿಂತು, ಮೇಲಿನಿಂದ ಏನೋ ತೆಗೆಯುತ್ತಿದ್ದಾಳೆ. ಮಂಡಿ ನೋವಿರುವ ಹೆಂಗಸು...

ಸ್ವಲ್ಪ ನೀರು ಕೊಡಿ.

ನಗುವವರು ನಗಬಹುದು. ಇಷ್ಟು ದಿನ ಎದುರಿಗೆ ನಕ್ಕಿರಲಿಲ್ಲ, ಅಷ್ಟೇ. “ಅಮ್ಮನ ಮಂಡಿ ಹೇಗಿದೆ ಸಾರ್?” ಅಂತ ಕೇಳುವಾಗ ನಿಮ್ಮ ತುಟಿಯ ತುದಿ ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ನನಗೆ ಕಾಣುತ್ತಿರಲಿಲ್ಲವೇ? ಮುಖ ನೋಡಿಯೇ ಹೊಟ್ಟೆ ಹೊರೆದವನು ನಾನು. ಹೌದು, ಬಿಟ್ಟು ಹೋಗಿದ್ದಾಳೆ. ಚೀಲ ತುಂಬಿಕೊಂಡು, ಬಾಗಿಲು ಎಳೆದುಕೊಂಡು ಹೋದಳು. ನಾನು ಆಗ ಯಾರದೋ ಮದುವೆಯ ಪಟಕ್ಕೆ ನೆರಳು ಹಾಕುತ್ತಿದ್ದೆ. ಊಟಕ್ಕೆ ಎದ್ದಾಗಲೇ ನನಗೆ ಗೊತ್ತಾದದ್ದು.

ನನ್ನ ಕೈಯಿಂದ ತೆಗೆದ ಅವಳ ಫೋಟೋಗಳು ಒಂದು ಪೆಟ್ಟಿಗೆ ತುಂಬ ಇವೆ. “ಗದ್ದ ಇಳಿಸು. ಅಲ್ಲಾಡಬೇಡ. ಅಷ್ಟು ಹಲ್ಲು ಬಿಡಬೇಡ, ಕೆನ್ನೆ ನೆರಳು ಕೆಡುತ್ತೆ.” ಬೆಳಕು ನೋಡಿದರೆ ಒಂದೊಂದೂ ಬಂಗಾರ, ಯಾವನಿಗಾದರೂ ಸವಾಲು ಹಾಕುತ್ತೇನೆ. ಆದರೆ ಒಂದರಲ್ಲೂ ಅವಳು ಹೀಗೆ ನಕ್ಕಿಲ್ಲ. ಪರದೆ ಎಳೆದು ಇಳಿಯುತ್ತಿದ್ದ ಮಗಳನ್ನು ನಿಲ್ಲಿಸಿ ಕೇಳಿದೆ, “ನಿಮ್ಮಮ್ಮ ಯಾಕೆ ನಗ್ತಿದ್ದಾಳೆ?” “ಏನಿಲ್ಲಪ್ಪ, ಸುಮ್ನೆ” ಅಂದಳು. ಸುಮ್ಮನೆ! ಯಾವುದೋ ಡಬ್ಬ ತೆಗೆಯಲು ಸ್ಟೂಲು ಹತ್ತಿದವಳು ಸುಮ್ಮನೆ ನಗುತ್ತಿದ್ದಾಳೆ. ಸಭಿಕರೇ, ನನಗೆ ಹೊಟ್ಟೆ ಉರಿಯಿತು. ಆ ಕಿಟಕಿಯ ಮೇಲೆ ಉರಿಯಿತು, ಆ ಡಬ್ಬದ ಮೇಲೆ ಉರಿಯಿತು.

ನಾನು ಎದ್ದು ಮೈಕಿಗೆ ಬರುವಾಗ ಅರ್ಜೆಂಟು ಕಿವಿಯಲ್ಲಿ ಹೇಳಿದ, “ಬೇಜಾರು ಮಾಡ್ಕೋಬೇಡಿ ಸಾರ್. ಅಮ್ಮನ ಮುಖಕ್ಕೆ ನಿಮ್ಮ ದೀಪಾನೇ ಹಾಕಿ, ಆ ಹಳದಿ ತೆಗೆದು, ನಗು ಒಂಚೂರು ತಗ್ಗಿಸಿ ಬೇರೆ ಪ್ರಿಂಟು ಕೊಡ್ತೀನಿ.” ಅಲ್ಲಯ್ಯಾ, ನನ್ನ ಹತ್ತಿರ ಇಷ್ಟು ವರ್ಷ ಕಲಿತದ್ದು ಇದೇನಾ? ಎರಡು ಫೋಟೋ ಕೂಡಿಸುವಾಗ ಯಾವುದನ್ನು ಮುಟ್ಟಬಾರದು? ತಾನಾಗಿ ಬಿದ್ದ ಬೆಳಕನ್ನು ಮುಟ್ಟಬಾರದು. ಕಿಟಕಿಯನ್ನು ದೀಪಕ್ಕೆ ಹೊಂದಿಸಲು ಹೋಗುವವನು ಮೂರ್ಖ. ದೀಪದ ಕೆಳಗೆ ನಿಂತವನನ್ನೇ ಕಿಟಕಿಯ ಹತ್ತಿರ ತರಬೇಕು. ಹೋಗಿ ಆ ಪಟವನ್ನು ಇನ್ನೊಮ್ಮೆ ನೋಡು. ಅಂಟಿಸಿದ ಹಾಗೆ ಕಾಣುತ್ತಿರುವುದು ಅವಳಾ, ನಾನಾ?

ಆದ್ದರಿಂದ ಈ ಪಟ ನನಗೆ ಬೇಡ. ಮನಸ್ಸಿದ್ದರೆ ನನ್ನನ್ನು ತೆಗೆದುಹಾಕಿ, ಅವಳನ್ನು ಕಿಟಕಿ, ಸ್ಟೂಲು, ಡಬ್ಬ ಸಮೇತ ಇದ್ದ ಹಾಗೇ ಅಚ್ಚು ಹಾಕಿ ಕೊಡಿ. ಹಣೆಯ ಮೇಲೆ ಒಂದು ಕೂದಲು ಬಿದ್ದಿದೆ. ಅದನ್ನೂ ಮುಟ್ಟಬೇಡಿ.

ಕರೆದು ಕೂರಿಸಿದ ಸಂಘಕ್ಕೆ, ಬೈದರೂ ಎದ್ದು ಹೋಗದ ನಿಮಗೆ, ನಗು ಬಂದರೂ ತಡೆದುಕೊಂಡ ಮುಂದಿನ ಸಾಲಿನವರಿಗೆ ನನ್ನ ವಂದನೆ. ಊಟಕ್ಕೆ ನಾನು ನಿಲ್ಲುವುದಿಲ್ಲ. ಮಗಳೇ, ನಿನ್ನ ಗಾಡಿಯಲ್ಲಿ ನಾನೂ ಬರುತ್ತೇನೆ. ಹೊರಡುವ ಮೊದಲು ನಿಮ್ಮಮ್ಮನಿಗೆ ಒಂದು ಫೋನ್ ಮಾಡಿ ಕೇಳು, ಬರಬಹುದಾ ಅಂತ. ಬೇಡ ಅಂದರೆ ನನ್ನನ್ನು ದಾರಿಯಲ್ಲಿ ನಮ್ಮ ಮನೆಗೆ ಬಿಟ್ಟು ಹೋಗು, ಪರದೆಗಳನ್ನಾದರೂ ಬಿಚ್ಚುತ್ತೇನೆ. ಬರಲಿ ಅಂದರೆ, ಅಪ್ಪ ಒಂದು ಮೂಲೆಯಲ್ಲಿ ಕೂತಿರ್ತಾರಂತೆ ಅಂತ ಹೇಳು. ಏನೂ ತಿದ್ದೋದಿಲ್ಲವಂತೆ ಅಂತ ಹೇಳು.

ನಮಸ್ಕಾರ.