ಅರ್ಧಕ್ಕೆ ಮುಚ್ಚಿದ ಪುಸ್ತಕ

ಪೂಜ್ಯ ಗುರುಸ್ವಾಮಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನು ಅಗಲಿದ ಇನ್ನಾಸಮ್ಮನವರ ಯಜಮಾನರಾದ ಆರೋಗ್ಯಪ್ಪನವರೇ, ಅವರ ಮಕ್ಕಳೇ, ನಮ್ಮ ಶಾಲೆಯ ಹುಡುಗಿಯರ ತಾಯಂದಿರೇ, ಲಕ್ಷ್ಮೀಪುರಂನ ನೆರೆಹೊರೆಯವರೇ — ಎಲ್ಲರಿಗೂ ನಮಸ್ಕಾರ.

ನಾನು ಅಮಲದಾಸ್. ಇನ್ನಾಸಮ್ಮನವರು ಕನ್ನಡ ಪಾಠ ಹೇಳುತ್ತಿದ್ದ ಕೋಣೆಯ ಪಕ್ಕದಲ್ಲಿ ಲೆಕ್ಕ ಹೇಳಿಕೊಡೋನು. ನಡುವೆ ಇದ್ದದ್ದು ಬರೀ ಒಂದು ಬಿದಿರು ತಟ್ಟಿ. ಅವರ ದನಿ ಕೇಳದೆ ನಾನು ಪಾಠ ಮಾಡಿದ್ದೇ ಇಲ್ಲ. ಈ ವಾರ ಮಾಡಲು ಹೋದೆ — ಆಗಲಿಲ್ಲ. ಹುಡುಗಿಯರನ್ನು ಬೇಗ ಮನೆಗೆ ಕಳಿಸಿಬಿಟ್ಟೆ.

ಭಾನುವಾರ ಪೂಜೆ ಮುಗಿದ ಮೇಲೆ ಇನ್ನಾಸಮ್ಮನವರ ಜಗಲಿಯಲ್ಲಿ ಹೆಂಗಸರು ಸೇರುತ್ತಿದ್ದದ್ದು ನಿಮಗೆಲ್ಲ ಗೊತ್ತು. ಇವರು ಬೈಬಲ್ ತೆಗೆದು ಒಂದು ಕಥೆ ಓದೋರು. ಓದ್ತಾ ಓದ್ತಾ, ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುವಾಗ — ಟಪ್! ಹೀಗೆ ಪುಸ್ತಕ ಮುಚ್ಚಿಬಿಡೋರು. "ಮಿಕ್ಕಿದ್ದು ನೀವೇ ಓದ್ಕೊಳ್ಳಿ."

ಕೋಪ ಬರದೆ ಇರುತ್ತದೆಯೇ? "ಓದೋಕೆ ಬಂದಿದ್ರೆ ನಿಮ್ಮ ಜಗಲಿಗೆ ಯಾಕಮ್ಮ ಬರ್ತಿದ್ವಿ?" ಅಂತ ಜಗಳ. ಅದಕ್ಕೆ ಇವರದು ಒಂದೇ ಉತ್ತರ, "ಬನ್ನಿ, ಅಕ್ಷರ ಕಲಿಸ್ತೀನಿ." ಕೆಲವರು ಗುರುಗಳಿಗೆ ದೂರು ಕೊಟ್ಟರು. ಓದೋದು ಗುರುಗಳ ಕೆಲಸ, ಕೇಳೋದು ನಮ್ಮ ಕೆಲಸ, ಈಯಮ್ಮ ಇಲ್ಲದ ಪದ್ಧತಿ ತರ್ತಿದಾರೆ ಅಂತ. ಸ್ವಾಮಿಗಳೇ, ತಾವು ಅವತ್ತು ನಕ್ಕು, "ಓದಲಿ ಬಿಡಿ, ತಿಳಿಯದಿದ್ದರೆ ನನ್ನನ್ನು ಬಂದು ಕೇಳಲಿ" ಅಂದಿರಿ. ಅಷ್ಟು ಜನ ಬಂದು ಬಾಗಿಲು ತಟ್ಟುತ್ತಾರೆ ಅಂತ ಗೊತ್ತಿದ್ದರೆ ಅನ್ನುತ್ತಿರಲಿಲ್ಲವೇನೋ!

ನಾನೂ ಒಮ್ಮೆ ಕೇಳಿದೆ — ಆ ಮುದುಕಿಯರನ್ನು ಯಾಕಮ್ಮ ಹೀಗೆ ಗೋಳು ಹೊಯ್ದುಕೊಳ್ತೀರಿ? ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಮೇಷ್ಟ್ರೇ, ನಾನು ಓದಿದ್ರೆ ನನಗೆ ಎಲ್ಲಿ ಅಳು ಬರುತ್ತೋ ಅಲ್ಲೇ ಅವರೂ ಅಳ್ತಾರೆ. ಅವರವರಿಗೇ ಅಂತ ಒಂದು ಮಾತು ಅದರಲ್ಲಿ ಇರುತ್ತಲ್ಲ, ಅದು ನನ್ನ ಕಣ್ಣಿಗೆ ಬೀಳೋದಿಲ್ಲ."

ಅಗೋ, ಕಂಬಕ್ಕೆ ಒರಗಿ ಕೂತಿದ್ದಾರಲ್ಲ — ಅಂತೋಣಿಯಮ್ಮನವರು. ಊದುಬತ್ತಿ ಹೊಸೆದು ಜೀವನ ಮಾಡೋರು. ಅವರ ಒಬ್ಬನೇ ಮಗ ಜಗಳ ಮಾಡಿಕೊಂಡು ಕೋಲಾರದ ಚಿನ್ನದ ಗಣಿಗೆ ಹೋಗಿಬಿಟ್ಟಿದ್ದ. "ಇನ್ನು ನನ್ನ ಹೊಸಿಲು ತುಳೀಬೇಡ" ಅಂದಿದ್ದರು ಇವರು. ಮೂವತ್ತೊಂದನೇ ಇಸವಿ, ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಅವನು ಯಾರ ಕೈಲೋ ಹೇಳಿ ಕಳಿಸಿದ — ಕ್ರಿಸ್ಮಸ್‌ಗೆ ಬರ್ತೀನಿ, ಅವ್ವ ಸೇರಿಸ್ತಾಳಾ ಕೇಳಿ, ಅಂತ. ಈಯಮ್ಮನಿಗೆ ಸೇರಿಸೋಕೆ ಮನಸ್ಸಿತ್ತು, ಸಿಟ್ಟೂ ಇತ್ತು.

ಆ ಭಾನುವಾರವೇ ಇನ್ನಾಸಮ್ಮನವರು ದಾರಿ ತಪ್ಪಿದ ಮಗನ ಕಥೆ ಓದಿದರು. ಆಸ್ತಿಯ ಪಾಲು ತಗೊಂಡು ಹೋಗಿ ಎಲ್ಲ ಕಳೆದುಕೊಂಡ ಮಗ ಊರ ಕಡೆ ಹೊರಟ, ಇನ್ನೂ ದೂರದಲ್ಲಿದ್ದಾನೆ, ಅಪ್ಪನ ಕಣ್ಣಿಗೆ ಬಿದ್ದ — ಟಪ್!

ಅಂತೋಣಿಯಮ್ಮ ಎದ್ದು ನಿಂತರು. "ಟೀಚರಮ್ಮ, ಅಪ್ಪ ಸೇರಿಸ್ಕೊಂಡ ಅಂತ ಗುರುಗಳ ಪ್ರಸಂಗದಲ್ಲಿ ಕೇಳಿವ್ನಿ. ಬೈದು ಸೇರಿಸ್ಕೊಂಡ್ನಾ, ಬೈಯ್ದೇನಾ? ಅದೊಂದು ಹೇಳ್ಬುಡಿ."

"ಅದನ್ನ ಮಾತ್ರ ನಾನು ಹೇಳೋಲ್ಲ ಅವ್ವಾ."

ಎಷ್ಟು ಕಲ್ಲು ಮನಸ್ಸು ಅಂದುಕೊಂಡೆವು ಅವತ್ತು! ಆದರೆ ಮಾರನೇ ದಿನದಿಂದ ಆ ಕಲ್ಲು ಮನಸ್ಸಿನವರು ಶಾಲೆ ಬಿಟ್ಟ ಮೇಲೆ ಅಂತೋಣಿಯಮ್ಮನವರ ಮನೆಗೆ ಹೋಗಿ ಕೂತರು. ಊದುಬತ್ತಿಯ ಹಲಗೆಯ ಮೇಲೆ ಪುಡಿ ಹರಡಿ, ಬೆರಳಿನಲ್ಲಿ ಅ, ಆ. ಸೀರೆಯೆಲ್ಲ ಗಂಧದ ವಾಸನೆ ಮಾಡಿಕೊಂಡು ಶಾಲೆಗೆ ಬರೋರು.

ಮಳೆಗಾಲ ಹೋಯಿತು, ದಸರಾ ಹೋಯಿತು. ಕ್ರಿಸ್ಮಸ್ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅಂತೋಣಿಯಮ್ಮ ಶಾಲೆಗೇ ಓಡಿಬಂದರು. ತಟ್ಟಿಯ ಈಚೆ ನನಗೂ ಕೇಳಿಸಿತು. "ಬೈಯ್ಲಿಲ್ಲ ಕಣಮ್ಮ! ಅಪ್ಪನೇ ಓಡ್ದ! ಆ ಹುಡ್ಗ ಏನೋ ಹೇಳ್ಬೇಕು ಅಂತ ಬಾಯಿಪಾಠ ಮಾಡ್ಕೊಂಡು ಬಂದಿದ್ದ. ಪೂರ್ತಿ ಹೇಳೋಕೇ ಬುಡ್ಲಿಲ್ಲ ಅಪ್ಪ!"

ಆಮೇಲೆ ಇಬ್ಬರೂ ಅತ್ತರು. ತಟ್ಟಿಯ ಈಚೆ ನಾನೂ.

ಮಗ ಬಂದ. ಬಾಗಿಲಲ್ಲೇ ನಿಂತು, "ಅವ್ವಾ, ನಾನು —" ಅಂತ ಶುರು ಮಾಡಿದನಂತೆ. ಈಯಮ್ಮ, "ಕೈಕಾಲು ತೊಳ್ಕೊ ಮಗಾ, ಅನ್ನ ಆರೋಯ್ತದೆ" ಅಂದರಂತೆ. ಅಷ್ಟೇ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಈ ಸಲ ವಿಷಮಶೀತ ಜ್ವರ ಬಂದು ಇನ್ನಾಸಮ್ಮನವರು ಮಲಗಿದಾಗ, ಪುಸ್ತಕ ಹಿಡಿಯುವ ಶಕ್ತಿಯೂ ಅವರ ಕೈಗೆ ಇರಲಿಲ್ಲ. ಅಂತೋಣಿಯಮ್ಮ ದಿನಾ ಬಂದು ಓದಿದರು — ಕೂಡಿಸಿಕೊಂಡು, ತಡವರಿಸಿಕೊಂಡು. ಗುರುವಾರ ನಾನೂ ಹೋಗಿದ್ದೆ. ನಾನು ಒಳಗೆ ಕಾಲಿಡುವಾಗ ಸರಿಯಾಗಿ ಕಥೆಯ ಮಧ್ಯೆ — ಟಪ್! "ಮಿಕ್ಕಿದ್ದು ನಾಳೆ, ಟೀಚರಮ್ಮ. ಕೇಳೋಕೆ ನೀವು ಇರ್ಬೇಕು."

ಇನ್ನಾಸಮ್ಮನವರು ನಕ್ಕರು. "ನನ್ನ ಆಟ ನನಗೇ ಆಡ್ತೀರಾ ಅವ್ವಾ?" ಅಂದರು.

ಶುಕ್ರವಾರ ಬೆಳಗಾಗುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಅದು ಯಾವ ಕಥೆ, ಎಲ್ಲಿಗೆ ನಿಂತಿತ್ತು? ನನಗೆ ಗೊತ್ತಿಲ್ಲ. ಇವತ್ತು ಬಾಗಿಲಲ್ಲಿ ಅಂತೋಣಿಯಮ್ಮನವರನ್ನೇ ಕೇಳಿದೆ. ಕಣ್ಣು ಒರೆಸಿಕೊಂಡು ಅಂದರು, "ಗುರುತಿಗೆ ಊದುಬತ್ತಿ ಕಡ್ಡಿ ಇಟ್ಟಿವ್ನಿ ಮೇಷ್ಟ್ರೇ. ನೀವೇ ಓದ್ಕೊಳ್ಳಿ."

ಅಗೋ, ಇನ್ನಾಸಮ್ಮನವರ ಭಾವಚಿತ್ರದ ಮುಂದೆ ಆ ಪುಸ್ತಕ ಇದೆ. ಕಡ್ಡಿ ಹಾಗೇ ಇದೆ. ಹೋಗುವಾಗ ಒಬ್ಬೊಬ್ಬರೇ ಬನ್ನಿ, ತೆರೆದು ನೋಡಿ. ಆದರೆ ದಯಮಾಡಿ, ಯಾರೂ ಯಾರಿಗೂ ಓದಿ ಹೇಳಬೇಡಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ಅಂತೋಣಿಯಮ್ಮನವರ ಕೈ ಹಿಡಿದು ಏಳಿಸಿ, ಯಾರಾದರೂ. — ಇಷ್ಟು ಹೊತ್ತು ನಾನು ಮಾತಾಡಿದೆ. ಮಿಕ್ಕಿದ್ದನ್ನು ನಿಮ್ಮ ನಿಮ್ಮ ಮನಸ್ಸಿನಲ್ಲೇ ಇನ್ನಾಸಮ್ಮನವರಿಗೆ ಹೇಳಿ.