ಏಳದೆ ಕೂತವಳು

ಪಾಳಿ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೊರಟಿದ್ದ ನರ್ಸಮ್ಮನಿಗೆ ಕಣ್ಣು ಎಳೆಯುತ್ತಿತ್ತು. ಮುಂದಿನ ಸೀಟಿನ ಅಕ್ಕತಂಗಿಯರ ಮಾತು ಕಿವಿಗೆ ಬಿದ್ದದ್ದೇ ನಿದ್ದೆ ಹಾರಿಹೋಯಿತು.

“ಮೇಷ್ಟ್ರು ಹೇಳಿದ ಹಾಗೇ ಬರೆದುಬಿಡೇ. ಸಿನಿಮಾದ ಒಂದು ದೃಶ್ಯಕ್ಕೋಸ್ಕರ ಪಿಎಚ್‌ಡಿ ಕಳ್ಕೋತೀಯಾ?” ಎಂದಳು ಅಕ್ಕ.

“ಅವರ ತತ್ತ್ವದಲ್ಲಿ ಎರಡೇ ಥರ ದೃಶ್ಯ, ಅಕ್ಕ. ಜನ ಏನಾದ್ರೂ ಮಾಡ್ತಿದ್ರೆ ಕ್ರಿಯೆಯ ಚಿತ್ರ. ಏನೂ ಮಾಡದೆ ಸುಮ್ನೆ ಹೊತ್ತು ಹೋಗ್ತಿದ್ರೆ ಕಾಲದ ಚಿತ್ರ.”

“ಇದು ಯಾವುದಂತೆ?”

“ಗಂಡ ಹೊರಗಿಂದ ಕೂಗ್ತಾನೆ. ಅಡುಗೆಮನೇಲಿ ಹೆಂಡತಿ ಒಲೆ ಆರಿಸಿ ಕುರ್ಚಿ ಮೇಲೆ ಕೂತ್ಕೋತಾಳೆ. ಮತ್ತೆ ಕೂಗ್ತಾನೆ. ಕೂತೇ ಇರ್ತಾಳೆ. ಇಲ್ಲಿ ಏನೂ ನಡೀತಿಲ್ಲ, ಬರೀ ಕಾಲ ಅಂತಾರೆ ಮೇಷ್ಟ್ರು.”

“ಸರಿಯಾಗೇ ಇದೆಯಲ್ಲ.”

“ಅಷ್ಟು ವರ್ಷ ಕೂಗಿದ ತಕ್ಷಣ ಎದ್ದು ಓಡಿದವಳು ಅವತ್ತು ಏಳಲ್ಲ, ಅಕ್ಕ. ಇಡೀ ಸಿನಿಮಾದಲ್ಲಿ ಅವಳು ತಾನಾಗಿ ಮಾಡೋದು ಅದೊಂದೇ. ಅದನ್ನ ಏನೂ ಅಲ್ಲ ಅಂತ ನಾನು ಬರೆಯಲ್ಲ.”

“ಅವರು ನಿನ್ನ ಪ್ರಬಂಧಕ್ಕೆ ಸಹಿ ಹಾಕದೇ ಇದ್ರೆ?”

“ಬಿಡ್ಲಿ.”

ಬಸ್ಸು ಕಾಲೇಜಿನ ಮುಂದೆ ನಿಂತಿತು.

“ನಡಿ, ಮೇಷ್ಟ್ರ ಕೋಣೆಗೆ ನಾನೂ ಬಂದು ಕೂರ್ತೀನಿ. ಹೊರಗೆ ಹೋಗಿ ಅಂದ್ರೆ ಏಳೋಳಲ್ಲ ನಾನು,” ಎಂದ ಅಕ್ಕ ತಂಗಿಯ ಚೀಲ ಹೆಗಲಿಗೇರಿಸಿ ಮೊದಲು ಇಳಿದಳು.