ದೇಶಕ್ಕೆ ಸಾಲ ಕೊಟ್ಟವಳು
ಬ್ಯಾಂಕಿನ ಸಾಲಿನಲ್ಲಿ ನನ್ನ ಮುಂದಿದ್ದ ಮುದುಕಿಯ ಕೈಯಿಂದ ಅವಳ ಮಗ ಲಕೋಟೆ ಕಿತ್ತುಕೊಳ್ಳಲು ನೋಡುತ್ತಿದ್ದ. ಅವಳು ಬಿಡಲಿಲ್ಲ.

“ಅಮ್ಮಾ, ದೇಶ ಸಾಲದಲ್ಲಿ ಮುಳುಗ್ತಿದೆ. ಈ ಸರ್ಕಾರಿ ಬಾಂಡೆಲ್ಲ ಇವತ್ತೇ ಮುರಿಸಿ ಚಿನ್ನ ತಗೊಳ್ಳೋಣ.”

“ಆ ಸಾಲ ಕೊಟ್ಟಿರೋಳು ನಾನು ಕಣೋ ಸ್ಟ್ಯಾನ್ಲಿ. ಹೊಲಿಗೆ ಕಾರ್ಖಾನೆ ಸಂಬಳದಲ್ಲಿ ವಾರವಾರ ಹಿಡಿಸಿ ಕೊಟ್ಟಿದ್ದು. ನಾನೇ ಹೆದರ್ತಿಲ್ಲ, ನಿಂಗ್ಯಾಕೋ ನಡುಕ?”

“ಆ ಕಾರ್ಖಾನೆ ಮುಚ್ಚೇ ಹೋಯ್ತಲ್ಲ!”

“ಮುಚ್ತು. ನಮ್ಮ ಸ್ಕ್ರ್ಯಾಂಟನ್ ಊರಿನ ಕಥೆ ಮುಗೀತು ಅಂತ ನಿಮ್ಮಪ್ಪ ಅತ್ತ. ಎರಡೇ ವರ್ಷಕ್ಕೆ ಅದೇ ಕಟ್ಟಡದಲ್ಲಿ ಆಸ್ಪತ್ರೆ ಬಂತು. ಅಲ್ಲಿ ಬಟ್ಟೆ ಒಗೆದು ಮನೆ ನಡೆಸ್ದೆ. ಈಗ ನಿನ್ನ ಮಗಳು ಅಲ್ಲೇ ನರ್ಸು.”

“ಹಂಗಾದ್ರೆ ಬ್ಯಾಂಕಿಗೆ ಯಾಕೆ ಬಂದೆ?”

“ಪ್ಯಾನ್‌ಕೇಕ್ ಕೊಡಿಸ್ತೀನಿ ಅಂತ ಕಾರು ಹತ್ತಿಸಿ, ನಂಗೆ ಹೇಳ್ದೆ ಈ ಲಕೋಟೆ ತಂದಿದ್ದು ಯಾರು?”

ಅವರ ಸರದಿ ಬಂತು. ಕೌಂಟರಿನ ಹುಡುಗಿ ಕೈ ಚಾಚಿದಳು. “ಎಲ್ಲಾನೂ ನಗದು ಮಾಡ್ಕೊಡ್ಲಾ, ಮೇಡಂ?”

“ಹೂಂ,” ಎಂದ ಮಗ.

ಮುದುಕಿ ಲಕೋಟೆಯನ್ನು ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿಕೊಂಡಳು.

“ಬೇಡ.”